ನಮ್ಮಿಬ್ಬರ ನಡುವೆ ಮುಯ್ಯಿ ಪುಸ್ತಕ ಇಲ್ಲ ಕಣೋ

ಗೆಳೆಯಾ,

ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ. ಆದರೆ ಫೋನ್ ಇಡುವ ಮುಂಚೆ ಒಂದು ಮಾತು ಅಂದೆ ನೋಡು, "ನಿನ್ನ ನಿದ್ದೆ ಹಾಳು ಮಾಡ್ದೆ, ಸಾರಿ ಕಣೋ. ನಿನ್ನ ಋಣ ಅದ್ಯಾವಾಗ ತೀರಿಸ್ತೀನೋ" ಅಂತ. ಅದು ಮಾತ್ರ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಈ ಪತ್ರ.

ಅವ್ವನ ಟ್ರಂಕಿನಲ್ಲಿ ನಮ್ಮ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. 1998ರದ್ದು. ರಟ್ಟಿನ ಮೇಲೆ ಅರಿಶಿನದ ಕಲೆ. ಒಳಗೆ ಸಾಲು ಸಾಲು ಹೆಸರು, ಹೆಸರಿನ ಮುಂದೆ ಐವತ್ತೊಂದು ರೂಪಾಯಿ, ಸ್ಟೀಲ್ ಚೊಂಬು ಒಂದು, ಕುಪ್ಪಸದ ಬಟ್ಟೆ. ನಿಮ್ಮ ಅವ್ವನ ಹೆಸರಿನ ಮುಂದೆ "ನೂರಾ ಒಂದು, ಅಕ್ಕಿ ಐದು ಸೇರು" ಅಂತಿದೆ. ನಿನ್ನ ತಂಗಿ ಮದುವೆಗೆ ಹೊರಡುವಾಗ ನಮ್ಮವ್ವ ಆ ಪುಟ ತೆಗೆದು ನೋಡಿಕೊಂಡೇ ಹೊರಟಳು. ಅದು ಸಣ್ಣತನ ಅಲ್ಲ. ಊರು ನಡೆಯುವುದೇ ಹಾಗೆ. ಇವತ್ತು ನಿಮ್ಮ ಹೊಲಕ್ಕೆ ನಾವು ಮುಯ್ಯಾಳು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಲೆಕ್ಕ ತಪ್ಪಿದರೆ ಮನಸ್ತಾಪ.

ಆದರೆ ಅಕ್ಕನ ಮದುವೆಯ ರಾತ್ರಿ ನೀನು ಮಾಡಿದ ಕೆಲಸ ಆ ಪುಸ್ತಕದಲ್ಲಿ ಇಲ್ಲ. ನೆನಪಿದೆಯಾ? ಕೊನೇ ಪಂಕ್ತಿ ಎದ್ದಾಗ ಒಂದು ಗಂಟೆ ಆಗಿತ್ತು. ಪಾತ್ರೆ ತೊಳೆಯಲು ಒಪ್ಪಿಕೊಂಡವರು ಬರಲೇ ಇಲ್ಲ. ಬೆಳಗಾದರೆ ಬಾಡಿಗೆ ಪಾತ್ರೆ ವಾಪಸ್ ಕೊಡಬೇಕು. ನಾನು ಹುಡುಕಿಕೊಂಡು ಹಿತ್ತಿಲಿಗೆ ಬಂದರೆ ನೀನು ಪ್ಯಾಂಟ್ ಮಡಚಿಕೊಂಡು ಬೋರ್‌ವೆಲ್ ಹತ್ತಿರ ಕೂತಿದ್ದೆ. ಸಾರಿನ ಕೊಳಗದೊಳಗೆ ತಲೆ, ಭುಜ ಎಲ್ಲ ತೂರಿಸಿ ತೆಂಗಿನ ನಾರಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಮೊಣಕೈವರೆಗೂ ಮಸಿ. ಯಾರೂ ಹೇಳಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಅನ್ನದ ಪಾತ್ರೆ ಎಳೆದುಕೊಂಡೆ. ಮುಗಿಯುವ ತನಕ ನಾವು ಮಾತೇ ಆಡಲಿಲ್ಲ ಅಂತ ನೆನಪು.

ಆ ರಾತ್ರಿಗೆ ನಾನು ಏನು ಮುಯ್ಯಿ ಮಾಡಲಿ ಹೇಳು?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ನಾನು ಒಬ್ಬರ ಸಾಲಕ್ಕೆ ಜಾಮೀನು ಹಾಕಲು ಹೊರಟಿದ್ದೆ. ಎಲ್ಲರೂ "ಒಳ್ಳೇ ಮನುಷ್ಯ, ಹಾಕು" ಅಂದರು. ನೀನೊಬ್ಬನೇ ಬೇಡ ಅಂದೆ. ಮೂರು ಸಲ ಅಂದೆ. ನಾನು ಹೊಟ್ಟೆಕಿಚ್ಚು ಅಂತ ಬೈದೆ. ಎರಡು ತಿಂಗಳು ಮಾತು ಬಿಟ್ಟೆ. ಆದರೂ ನಿನ್ನ ಮಾತು ಕಿವಿಯಲ್ಲಿತ್ತು, ಸಹಿ ಹಾಕಲು ಕೈ ಬರಲಿಲ್ಲ. ಮುಂದಿನ ವರ್ಷ ಆ ಸಾಲ ಕೆಟ್ಟು, ಜಾಮೀನು ಹಾಕಿದ ಇನ್ನೊಬ್ಬರ ಮನೆ ಹರಾಜಿಗೆ ಬಂತು. ನೀನು ಒಂದು ದಿನವೂ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ನನಗೆ ಅದು ಜಾಮೀನು ತಪ್ಪಿದ್ದಕ್ಕಿಂತ ದೊಡ್ಡದು. ನಮಗೆ ಬೇಡದ ಮಾತು ಹೇಳುವ ಜನ ಸಿಗುತ್ತಾರೆ. ಹೇಳಿ, ಬೈಸಿಕೊಂಡು, ಆಮೇಲೂ ಬಾಗಿಲಿಗೆ ಬರುವವರು ಎಷ್ಟು ಜನ?

ಇವೆಲ್ಲ ನಿನ್ನಿಂದ ನನಗೆ ಸಿಕ್ಕಿದ್ದು. ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದು. ಮೊನ್ನೆ ನಿನ್ನ ಫೋನ್ ಬಂದದ್ದರಿಂದ ನನಗೇ ಒಳ್ಳೆಯದಾಯಿತು. ಸಮಾಧಾನಕ್ಕೆ ಹೇಳುತ್ತಿಲ್ಲ. ಕಳೆದ ಒಂದೂವರೆ ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಕೊಳವೆ ಬಾವಿ ಬತ್ತಿದ್ದು, ಮಗಳ ಫೀಸು, ಅವ್ವನ ಮಂಡಿ ನೋವು. ಬರೀ ನನ್ನ ಚಿಂತೆಯನ್ನೇ ಹೊತ್ತು ಓಡಾಡುತ್ತಿದ್ದೆ. ನಿನ್ನ ಮಾತು ಕೇಳುತ್ತಾ ಕೇಳುತ್ತಾ ಅದೆಲ್ಲ ಪಕ್ಕಕ್ಕೆ ಸರಿಯಿತು. ಒಬ್ಬರಿಗೆ ನಾನು ಬೇಕು ಅನ್ನಿಸಿತು. ಫೋನ್ ಇಟ್ಟು ಮಲಗಿದವನು ಬೆಳಿಗ್ಗೆ ಹಾಲಿನವನು ಕೂಗಿದಾಗಲೇ ಎದ್ದದ್ದು.

ಇದನ್ನು ಮಗಳಿಗೆ ಹೇಳಿದೆ. ಅವಳು ಬಿ.ಎ.ನಲ್ಲಿ ಮನಃಶಾಸ್ತ್ರ ತಗೊಂಡಿದ್ದಾಳೆ, ಗೊತ್ತಲ್ಲ. ಆಶ್ಚರ್ಯ ಏನಿಲ್ಲಪ್ಪ ಅಂತ ಒಂದು ಅಧ್ಯಯನ ತೆಗೆದು ತೋರಿಸಿದಳು. 2003ರದ್ದು, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು ಮಾಡಿದ್ದು. 423 ವಯಸ್ಸಾದ ದಂಪತಿಗಳನ್ನು ಐದು ವರ್ಷ ಗಮನಿಸಿದರಂತೆ. ಗೆಳೆಯರಿಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಕೈಲಾದ ಸಹಾಯ ಮಾಡುತ್ತಿದ್ದವರಲ್ಲಿ ಆ ಐದು ವರ್ಷದಲ್ಲಿ ತೀರಿಕೊಂಡವರು ಕಡಿಮೆ. ಬರೀ ಸಹಾಯ ಪಡೆದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ಹೇಳು, ಮೊನ್ನೆ ರಾತ್ರಿ ಯಾರು ಯಾರಿಗೆ ಕೊಟ್ಟದ್ದು? ನೀನು ಫೋನ್ ಮಾಡದೆ ಒಬ್ಬನೇ ನುಂಗಿಕೊಂಡಿದ್ದರೆ ನನಗೆ ಸಿಗಬೇಕಾದ್ದೂ ಸಿಗುತ್ತಿರಲಿಲ್ಲ.

ನಿನಗೆ ಗೆಳೆಯನಾಗಿ ನಾನು ಕಲಿತದ್ದು ಇನ್ನೂ ಒಂದಿದೆ. ನಿಮ್ಮಪ್ಪ ತೀರಿಕೊಂಡಾಗ ನಾನು ಬಂದವನೇ ಶುರು ಮಾಡಿದೆ. ಹಾಗೆ ಮಾಡು, ಹೀಗೆ ಮಾಡು, ಧೈರ್ಯ ತಗೋ, ಕಾಲ ಎಲ್ಲ ಮರೆಸುತ್ತೆ. ನೀನು ನನ್ನ ಕೈ ಹಿಡಿದು "ಸುಮ್ನೆ ಕೂತ್ಕೊಳೋ ಸ್ವಲ್ಪ" ಅಂದೆ. ಜಗಲಿ ಮೇಲೆ ಕೂತೆವು. ಕತ್ತಲಾಯಿತು, ಸೊಳ್ಳೆ ಕಚ್ಚಿದವು, ಯಾರೋ ಕಾಫಿ ತಂದಿಟ್ಟು ಹೋದರು, ಅದು ಆರಿತು. ಅವತ್ತೇ ನನಗೆ ಸುಮ್ಮನೆ ಕೂರುವುದು ಬಂದದ್ದು. ಪಿ.ಯು.ನಲ್ಲಿ ಮಗಳು ಲೆಕ್ಕದಲ್ಲಿ ಫೇಲಾದ ದಿನ ನಾನು ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕೂತೆ ಅಷ್ಟೇ. ಅರ್ಧ ಗಂಟೆ ಆದಮೇಲೆ ಅವಳೇ ಎಲ್ಲ ಹೇಳಿದಳು. ಹಳೇ ನಾನಾಗಿದ್ದರೆ ಆ ಹುಡುಗಿ ಬಾಗಿಲು ಹಾಕಿಕೊಂಡಿರೋಳು. ಅದು ನಿಮ್ಮ ಜಗಲಿಯಲ್ಲಿ ಕಲಿತ ಪಾಠ.

"ಪುಣೆಯಲ್ಲಿ ನಮ್ಮ ಭಾಷೇಲಿ ಮನಸ್ಸು ಬಿಚ್ಚಿ ಮಾತಾಡೋಕೆ ಒಬ್ಬರೂ ಇಲ್ಲ, ಈ ವಯಸ್ಸಲ್ಲಿ ಒಂಟಿ ಅಂತ ಹೇಳಿಕೊಳ್ಳೋಕೆ ನಾಚಿಕೆ" ಅಂದೆಯಲ್ಲ. ಅದರಲ್ಲಿ ನಾಚಿಕೆ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ ಅಂತ. ಅಂದರೆ ಇದನ್ನು ಬಿ.ಪಿ., ಶುಗರ್ ಥರ ನೋಡಬೇಕು ಕಣೋ. ಬಿ.ಪಿ. ಇದೆ ಅಂತ ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ ಅಲ್ವಾ? ಪಕ್ಕದ ಮನೆಯವರ ಜೊತೆಯೂ ಎರಡು ಮಾತು ಶುರು ಮಾಡು. ಮರಾಠಿ ಅರ್ಧಂಬರ್ಧ ಬಂದರೂ ಪರವಾಗಿಲ್ಲ. ನಾನಿಷ್ಟು ದೂರದಲ್ಲಿದ್ದೇನೆ. ನಿನಗೆ ಜ್ವರ ಬಂದರೆ ಗಂಜಿ ತಂದುಕೊಡಲು ಹತ್ತಿರದವರೊಬ್ಬರು ಬೇಕು.

ಕಳೆದ ಭಾನುವಾರ ಒಬ್ಬನೇ ಮಧುಗಿರಿ ಬೆಟ್ಟ ಹತ್ತಲು ಹೋಗಿದ್ದೆ. ನಾವು ಕಾಲೇಜಿನ ದಿನಗಳಲ್ಲಿ ಎಷ್ಟು ಸಲ ಹತ್ತಿಲ್ಲ! ಬರಿಗಾಲಲ್ಲೇ ಹತ್ತುತ್ತಿದ್ದೆವು. ಈ ಸಲ ಅರ್ಧಕ್ಕೆ ನಿಂತುಬಿಟ್ಟೆ. ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾಗುತ್ತಲ್ಲ, ಹಿಡಿಯಲು ಕಬ್ಬಿಣದ ಕಂಬಿ ಹಾಕಿದ್ದಾರಲ್ಲ, ಅಲ್ಲಿ. ಕತ್ತೆತ್ತಿ ನೋಡಿದರೆ ಬಂಡೆ ಗೋಡೆ ಥರ ನಿಂತಿತ್ತು. ಹಿಂದೆ ಹೀಗಿರಲಿಲ್ಲ ಅನ್ನಿಸಿತು. ಕಾಲಿನ ಶಕ್ತಿ ಹೋಯಿತೇನೋ ಅಂದುಕೊಂಡು ಇಳಿದು ಬಂದೆ.

ಅದಕ್ಕೂ ಮಗಳ ಹತ್ತಿರ ಉತ್ತರ ಇತ್ತು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಗುಡ್ಡದ ಬುಡದಲ್ಲಿ ಜನರನ್ನು ನಿಲ್ಲಿಸಿ ಎಷ್ಟು ಕಡಿದಾಗಿದೆ ಹೇಳಿ ಅಂತ ಕೇಳಿದರಂತೆ. ಒಬ್ಬರೇ ನಿಂತವರಿಗೆ ಜಾಸ್ತಿ ಕಡಿದಾಗಿ ಕಂಡಿತು. ಗೆಳೆಯರ ಪಕ್ಕ ನಿಂತವರಿಗೆ ಅದೇ ಗುಡ್ಡ ಅಷ್ಟು ಕಡಿದಾಗಿ ಕಾಣಲಿಲ್ಲ. ಗೆಳೆತನ ಹಳೆಯದಾದಷ್ಟೂ ಏರು ಇನ್ನೂ ಕಡಿಮೆ ಕಂಡಿತು. ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಮ್ಮದು ಮೂವತ್ತೊಂದು ವರ್ಷದ ಗೆಳೆತನ. ಆ ಬಂಡೆಯ ಪಕ್ಕ ನೀನಿದ್ದಿದ್ದರೆ ನನಗೆ ಹೇಗೆ ಕಾಣುತ್ತಿತ್ತೋ.

ಮುಂದಿನ ತಿಂಗಳು ಕಡ್ಲೆಕಾಯಿ ಕೀಳುವುದಿದೆ. ಆಳು ಸಿಗುತ್ತಿಲ್ಲ. ನಾಲ್ಕು ದಿನ ಬಾ. ನಿನಗೆ ಕೆಲಸ ಹುಡುಕುವ ವಿಷಯ ಇಬ್ಬರೂ ಕೂತು ಮಾತಾಡೋಣ, ತುಮಕೂರಿನಲ್ಲಿ ಒಂದಿಬ್ಬರನ್ನು ಆಗಲೇ ಕೇಳಿದ್ದೇನೆ. ಅತ್ತಿಗೆ, ಮಕ್ಕಳನ್ನೂ ಕರೆದುಕೊಂಡು ಬಾ. ಅವ್ವ ಹಸಿ ಕಡ್ಲೆಕಾಯಿ ಬೇಯಿಸಿ ಇಡುತ್ತೇನೆ ಅಂದಿದ್ದಾಳೆ. ಅಲ್ಲಿಯವರೆಗೆ ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡು. ಸಾರಿ ಅಂದರೆ ಮಾತ್ರ ಇಟ್ಟುಬಿಡುತ್ತೇನೆ.

ಬರುವಾಗ ಒಳ್ಳೇ ಹಿಡಿತ ಇರುವ ಶೂ ತಗೊಂಡು ಬಾ. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಬೆಟ್ಟದ ಬುಡದಲ್ಲಿರಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತೆ.

ನಿನ್ನವನೇ