ಆ ಹಸಿರು ಸೀರೆ ಇನ್ನೂ ಕಪಾಟಿನಲ್ಲಿದೆ

ಕೂಸೇ,

ನೀನು ಟಿವಿಗೆ ಹಾಕಿಕೊಂಡು ಹೋದ ಬಟ್ಟೆಯ ಬಗ್ಗೆ ಶನಿವಾರ ರಾತ್ರಿ ಫೋನಿನಲ್ಲಿ ಆಡಿದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಆರು ದಿನ ಆಯಿತು, ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಬರೆಯೋಣ ಅಂದರೆ ನಾನು ಒಂದು ಅಕ್ಷರ ಒತ್ತಿದರೆ ಇನ್ನೊಂದು ಬೀಳುತ್ತದೆ. ಅದಕ್ಕೇ ಕಾಗದ. ಈ ಮಳೆಯಲ್ಲಿ ಪೋಸ್ಟು ತಡವಾಗಿಯೇ ಹೋಗುತ್ತದೆ. ತಲುಪುವ ಹೊತ್ತಿಗೆ ನಿನ್ನ ಸಿಟ್ಟು ಸ್ವಲ್ಪ ಇಳಿದಿರುತ್ತದೆ ಅನ್ನುವ ಲೆಕ್ಕವೂ ಇದೆ.

"ಆಯಿ, ನಾನು ಏನು ಮಾತಾಡಿದೆ ಹೇಳು ನೋಡೋಣ" ಅಂದೆಯಲ್ಲ, ನನಗೆ ಹೇಳಲು ಬರಲಿಲ್ಲ. ಅರ್ಧ ಗಂಟೆ ಟಿವಿ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ನನ್ನ ಮಗಳು ಊರಿಗೆಲ್ಲ ಹೇಳುತ್ತಿದ್ದಾಳೆ, ನಾನು ನೋಡಿದ್ದು ತೋಳನ್ನು. ತೋಳಿಲ್ಲದ ನೀಲಿ ಕುರ್ತಾ. ಕುತ್ತಿಗೆಯಲ್ಲಿ ಏನೂ ಇಲ್ಲ, ಹಣೆ ಖಾಲಿ. ಇದೆಲ್ಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಎರಡೂ ಪಕ್ಕ ಗಂಡಸರು ಕೂತಿದ್ದರು. ಅವರ ಅಂಗಿ ಯಾವ ಬಣ್ಣದ್ದು ಅಂತ ಕೇಳಿದರೆ ಗೊತ್ತಿಲ್ಲ. ಒಬ್ಬರಿಗೆ ಗಡ್ಡ ಇತ್ತು ಅಂತ ಅಪ್ಪ ಹೇಳುತ್ತಾರೆ. ಇದ್ದಿರಬಹುದು.

ಅಪ್ಪ ಆ ಹೊತ್ತಿಗೆ ಹೇಗೆ ಕೂತಿದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪಂಚೆ ಮೊಣಕಾಲಿನ ಮೇಲೆ, ಬರಿಮೈ, ಹೆಗಲ ಮೇಲೊಂದು ಟವೆಲ್ಲು. ಆ ಟವೆಲ್ಲಿನಲ್ಲಿ ಬೆನ್ನು ತಿಕ್ಕಿಕೊಳ್ಳುತ್ತಾ, "ಟಿವಿಗೆ ಹೋಗುವಾಗಾದರೂ ತೋಳಿರುವುದನ್ನು ಹಾಕಿಕೊಳ್ಳಬಾರದಿತ್ತಾ ಇವಳು" ಅಂದರು. ಈಗ ಬರೆಯುವಾಗ ನಗು ಬರುತ್ತಿದೆ. ಅವತ್ತು ನಾನೂ ಹೌದೌದು ಅಂದೆ. ಆಮೇಲೆ ದೊಡ್ಡಾಯಿಯ ಫೋನು. ಆಮೇಲೆ ಕುಟುಂಬದ ಗ್ರೂಪಿನಲ್ಲಿ "ಚೆನ್ನಾಗಿ ಮಾತಾಡಿದಳು, ಆದರೆ" ಅಂತ ನಾಲ್ಕು ಮೆಸೇಜು. ನಿನಗೆ ಫೋನ್ ಮಾಡಿದಾಗ ನಾನು "ಚೆನ್ನಾಗಿ ಮಾತಾಡಿದೆ" ಅನ್ನುವುದನ್ನೂ ಬಿಟ್ಟು ನೇರ "ಆದರೆ"ಗೇ ಬಂದಿದ್ದೆ.

ಫೋನ್ ಇಟ್ಟ ಮೇಲೆ ನೀನು ಒಂದು ಮಾತೂ ಬರೆಯದೆ ಕಳಿಸಿದ ಸುದ್ದಿಗಳನ್ನೆಲ್ಲ ಓದಿದೆ. ಆಸ್ಟ್ರೇಲಿಯಾದ ಟಿವಿಯ ಕಾರ್ಲ್ ಸ್ಟೆಫಾನೊವಿಕ್ ವರ್ಷವಿಡೀ ಒಂದೇ ನೀಲಿ ಸೂಟು ಹಾಕಿಕೊಂಡು ಬಂದನಂತೆ. 2014ರಲ್ಲಿ ತಾನಾಗಿ ಬಾಯಿಬಿಡುವವರೆಗೆ ಯಾರಿಗೂ ಗೊತ್ತಾಗಲಿಲ್ಲವಂತೆ. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸಿಗೆ ಮಾತ್ರ ಬಟ್ಟೆ ಸರಿಯಿಲ್ಲ ಅಂತ ನೋಡುಗರ ಪತ್ರ ಬರುತ್ತಲೇ ಇತ್ತಂತೆ. ಆ ಪತ್ರ ಬರೆದವರು ಯಾರೋ ನಾನೇ ಅನ್ನಿಸಿತು. ಪುಣೆಯ ಕೋರ್ಟಿನದ್ದೂ ಓದಿದೆ. ಮಹಿಳಾ ವಕೀಲರು ಕಲಾಪ ನಡೆಯುವಾಗ ಕೂದಲು ಸರಿಮಾಡಿಕೊಳ್ಳುತ್ತಾರೆ, ಅದರಿಂದ ಕೆಲಸಕ್ಕೆ ತೊಂದರೆ ಅಂತ 2022ರಲ್ಲಿ ನೋಟಿಸು ಹಾಕಿ, ಗಲಾಟೆಯಾದ ಮೇಲೆ ತೆಗೆದರಲ್ಲ, ಅದು. ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದವರು 2021ರಲ್ಲಿ ವಿಮಾನದಲ್ಲಿ ಕಂಡ ಹೆಂಗಸಿನ ಹರಿದ ಜೀನ್ಸಿನ ಬಗ್ಗೆ ಭಾಷಣ ಮಾಡಿದ್ದೂ ಓದಿದೆ. ಬೂಟು, ಮೊಣಕಾಲು, ಬಳೆ, ಒಂದನ್ನೂ ಬಿಡದೆ ನೋಡಿದ್ದಾರೆ ಪುಣ್ಯಾತ್ಮರು! ಬೈಯೋಣ ಅಂದುಕೊಂಡೆ. ಆಮೇಲೆ, ಕುರ್ತಾ, ಕುತ್ತಿಗೆ, ಹಣೆ ಅಂತ ಮೇಲೆ ನಾನು ಬರೆದದ್ದನ್ನೇ ಓದಿಕೊಂಡೆ.

ನೀನು ಕಳಿಸದ ಒಂದನ್ನು ನಾನೇ ಹುಡುಕಿ ನೋಡಿದೆ. ಅಂಕೋಲೆ ಕಡೆಯ ತುಳಸಿ ಗೌಡರ ಫೋಟೊ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡದ್ದು. ಬರಿಗಾಲು, ಹಾಲಕ್ಕಿ ಸಮುದಾಯದವರ ಉಡುಗೆ, ರವಿಕೆ ಇಲ್ಲ, ಕುತ್ತಿಗೆ ತುಂಬ ಮಣಿಸರ, ಹೆಗಲು ತೋಳು ಎಲ್ಲ ಬಿಟ್ಟೇ ಇದೆ. ಅವತ್ತು ಇದೇ ಗ್ರೂಪಿನಲ್ಲಿ, ಇದೇ ಜನ, ಇದೇ ನಾನು, ಕೈಮುಗಿಯುವ ಚಿತ್ರ ಹಾಕಿದ್ದೆವು. ನಿನ್ನ ದೊಡ್ಡಾಯಿಯಂತೂ "ನಮ್ಮ ಜಿಲ್ಲೆಯ ಹೆಮ್ಮೆ" ಅಂತ ಮೂರು ಸಲ ಹಾಕಿದಳು. ನನ್ನ ತವರಿಗೆ ತರಕಾರಿ ಮಾರಲು ಬರುತ್ತಿದ್ದ ಹಾಲಕ್ಕಿ ಹೆಂಗಸರೂ ಹಾಗೇ ಇರುತ್ತಿದ್ದರು. ನಮ್ಮ ಜಗುಲಿಯಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕಿ ಹೋಗುತ್ತಿದ್ದರು. ಅದರಲ್ಲೇನೋ ಕಂಡಿತು ಅಂತ ಯಾರಿಗೂ ಅನ್ನಿಸಿದ್ದಿಲ್ಲ. ಮತ್ತೆ ನಿನ್ನ ತೋಳಿನಲ್ಲಿ ಏನು ಕಂಡಿತು? ಎರಡು ದಿನ ಯೋಚಿಸಿದೆ. ತುಳಸಕ್ಕನಿಗೆ ಎಪ್ಪತ್ತು ದಾಟಿತ್ತು, ಅದು "ಅವರ ಪದ್ಧತಿ", ಅವರ ತೋಳು ನಮ್ಮ ಮನೆಯ ಮರ್ಯಾದೆಯ ಲೆಕ್ಕಕ್ಕೆ ಬರುವುದಿಲ್ಲ. ದೂರದಿಂದ ಕೈಮುಗಿಯುವುದು ಸುಲಭ. ನಿನ್ನ ತೋಳು ನಮ್ಮ ಮನೆಯದ್ದು. ಇಷ್ಟೇ ಕಾರಣ. ಬರೆಯಲು ನಾಚಿಕೆಯಾಗುತ್ತದೆ.

ಅದು ಬಿಡು. ನಾನು ಬರೆಯಲು ಕೂತದ್ದೇ ಬೇರೆ ವಿಷಯಕ್ಕೆ. ನಿನಗೆ ವಿಜ್ಞಾನ ಹೇಳಲು ಬಂದಿದ್ದ ಹೊಸ ಅಕ್ಕೋರು ನೆನಪಿದ್ದಾರಾ? 2004, ನಾನು ಅದೇ ಶಾಲೆಯ ಹೆಡ್ ಮೇಡಂ, ನೀನು ಆರನೇ ಕ್ಲಾಸು. ಭೂತಗನ್ನಡಿಯಲ್ಲಿ ಎಲೆ ತೋರಿಸಿದರು ಅಂತ ಮನೆಗೆ ಬಂದು ಕುಣಿಯುತ್ತಿದ್ದೆ. ಮೂರೇ ತಿಂಗಳಿದ್ದು ಹೋದರು. ಯಾಕೆ ಹೋದರು ಅಂತ ನೀನು ಕೇಳಿದಾಗ "ಅವರ ಊರಿನ ಹತ್ತಿರ ವರ್ಗ ಸಿಕ್ಕಿತು" ಅಂದಿದ್ದೆ. ಅದು ಸುಳ್ಳಲ್ಲ. ಪೂರ್ತಿ ಹೇಳಲಿಲ್ಲ ಅಷ್ಟೇ.

ಜುಲೈ ತಿಂಗಳು, ಹಳ್ಳ ತುಂಬಿ ಬಸ್ಸು ಆಚೆಯೇ ನಿಂತಿತ್ತು. ಆ ಹುಡುಗಿ ಎರಡು ಕಿಲೋಮೀಟರು ನಡೆದು ಬಂದಳು. ಕಂದು ಬಣ್ಣದ ಚೂಡಿದಾರ, ಶಾಲನ್ನು ಎರಡೂ ಹೆಗಲಿಗೆ ಪಿನ್ ಮಾಡಿದ್ದಳು. ಆಫೀಸಿಗೆ ಕರೆದು "ಇಲ್ಲಿ ಸೀರೆ ಉಡಬೇಕು" ಅಂದೆ. ಅವಳು ಜಗಳಕ್ಕೆ ಬರಲಿಲ್ಲ. "ಸುತ್ತೋಲೆ ಇದೆಯಾ ಮೇಡಂ?" ಅಂತ ಮೆಲ್ಲಗೆ ಕೇಳಿದಳು. ಇದ್ದರೆ ತೋರಿಸುತ್ತಿದ್ದೆ. "ಪದ್ಧತಿ" ಅಂದೆ. ಅದೇ ಹೊತ್ತಿಗೆ ಗಣಿತದ ಮಾಸ್ತರರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಹವಾಯಿ ಚಪ್ಪಲಿ ಪಟಪಟ ಬಡಿಯುತ್ತಾ ಬಾಗಿಲ ಮುಂದೆ ಹಾದುಹೋದರು. "ಏನ್ ಮಳೆ ಅಲ್ವಾ ಮೇಡಂ" ಅಂದರು. ಹೌದು ಮಾರಾಯರೆ ಅಂದೆ. ಆಟದ ಮಾಸ್ತರರಂತೂ ವರ್ಷವಿಡೀ ಟ್ರ್ಯಾಕ್ ಪ್ಯಾಂಟಿನಲ್ಲೇ ಇರುತ್ತಿದ್ದರು.

ಆ ಹುಡುಗಿ ಇನ್ನೊಂದು ಮಾತು ಹೇಳಿದಳು. "ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸೀರೆಯಲ್ಲಿ ಕಾಣುವಷ್ಟು ಚೂಡಿದಾರದಲ್ಲಿ ಕಾಣುವುದಿಲ್ಲ ಮೇಡಂ." ಅದು ನನಗೆ ಗೊತ್ತಿಲ್ಲದ್ದಾ? ನಾನು ಇಡೀ ಸರ್ವೀಸಿನಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆದವಳು. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಸೆರಗು. ಹಿಂದಿನ ಬೆಂಚಿನ ಮಕ್ಕಳು ಕಾಣುವುದಿಲ್ಲ ಅಂದರೆ ಎದ್ದು ನಿಂತು ನೋಡಿ ಅನ್ನುತ್ತಿದ್ದೆ.

ಮನೆ ಪಕ್ಕದಲ್ಲೇ ಇತ್ತಲ್ಲ, ಅಜ್ಜಿಗೆ ಹೇಳಿಕಳಿಸಿ ನನ್ನ ಹಸಿರು ಸೀರೆ ತರಿಸಿದೆ. ನನ್ನ ರವಿಕೆ ಅವಳಿಗೆ ದೊಗಲೆ. ನಾಲ್ಕು ಪಿನ್ ಹಾಕಿದೆ. ಹಾಕುವಾಗ ಮನಸ್ಸಿನಲ್ಲಿ ಏನಿತ್ತು ಗೊತ್ತಾ? ನಾನೆಷ್ಟು ಒಳ್ಳೆಯವಳು ಅಂತ. ಬೇರೆಯವರಾದರೆ ರಜೆ ಬರೆಸಿಕೊಂಡು ವಾಪಸು ಕಳಿಸುತ್ತಿದ್ದರು, ನಾನು ನನ್ನ ಸೀರೆಯನ್ನೇ ಕೊಟ್ಟೆ ಅಂತ. ಮಧ್ಯಾಹ್ನ ಒದ್ದೆ ನೆರಿಗೆ ಕಾಲಿಗೆ ಸಿಕ್ಕಿ ಮೆಟ್ಟಿಲ ಮೇಲೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಮಕ್ಕಳು ನಕ್ಕರು. ನೀನು ಅಲ್ಲಿದ್ದೆಯಾ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.

ನಾಲ್ಕು ದಿನದ ಮೇಲೆ ಸೀರೆ ವಾಪಸು ಬಂತು. ಒಗೆದು, ಇಸ್ತ್ರಿ ಮಾಡಿ, ಮಡಿಕೆಗಳ ನಡುವೆ ಪೇಪರು ಇಟ್ಟಿದ್ದಳು. ಮೊದಲೇ ಬಿಚ್ಚಿಹೋಗಿದ್ದ ಫಾಲನ್ನು ಹೊಲಿದಿದ್ದಳು. ನಾಲ್ಕೂ ಪಿನ್ನುಗಳನ್ನು ಒಂದು ಚೂರು ರಟ್ಟಿಗೆ ಚುಚ್ಚಿ ಮೇಲಿಟ್ಟಿದ್ದಳು. ಆಮೇಲೆ ದಿನಾ ಸೀರೆಯಲ್ಲೇ ಬಂದಳು. ಮಕ್ಕಳನ್ನು ತೋಟಕ್ಕೆ, ಹಳ್ಳದ ಬದಿಗೆ ಕರೆದುಕೊಂಡು ಹೋಗುವುದು ನಿಂತಿತು. ಸೆಪ್ಟೆಂಬರಿನಲ್ಲಿ ಹೋದಳು. ನಾನು ಆ ಸೀರೆಯನ್ನು ಮತ್ತೆ ಉಟ್ಟಿಲ್ಲ. ಕಪಾಟಿನಲ್ಲಿದೆ, ಪೇಪರು ಹಳದಿಯಾಗಿದೆ. ಅವಳು ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಮರೆತುಬಿಡುತ್ತಿದ್ದೆ. ಆ ಪಿನ್ನುಗಳನ್ನು ಹಾಗೆ ಒಪ್ಪವಾಗಿ ಚುಚ್ಚಿ ಕೊಟ್ಟಿದ್ದೇ ಮರೆಯಲು ಬಿಡುತ್ತಿಲ್ಲ. ಶನಿವಾರ ನೀನು ಫೋನ್ ಇಟ್ಟ ಕೂಡಲೇ ನೆನಪಾದದ್ದು ಅದೇ.

ಹೆದರಿಕೆಯೂ ಇದೆ ಕೂಸೇ, ಅದನ್ನು ಇಲ್ಲ ಅನ್ನುವುದಿಲ್ಲ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರೋಡು, ಬ್ರಿಗೇಡ್ ರೋಡಿನಲ್ಲಿ ಹೆಣ್ಣುಮಕ್ಕಳನ್ನು ಎಳೆದಾಡಿದ ಸುದ್ದಿ ಬಂತಲ್ಲ. ಆಗಿನ ಗೃಹ ಸಚಿವರೂ, ಈ ಹುಡುಗ ಹುಡುಗಿಯರು ಬಟ್ಟೆಯಲ್ಲೂ ಪಾಶ್ಚಾತ್ಯರ ನಕಲು ಮಾಡುತ್ತಾರೆ ಅನ್ನುವ ಅರ್ಥದಲ್ಲಿ ಮಾತಾಡಿದರು. ನಾನು ಹನ್ನೊಂದು ಸಲ ಫೋನ್ ಮಾಡಿದ್ದೆ. ನೀನು ಎತ್ತಿದಾಗ "ಎಲ್ಲಿದ್ದೆ" ಅಂದೆ. ಹಾಸ್ಟೆಲಿನಲ್ಲಿ ಮಲಗಿದ್ದೆ ಅಂತ ನೀನು ಅಂದೆ. ಅದಾದ ಮೇಲೂ "ಏನು ಹಾಕಿಕೊಂಡಿದ್ದೆ" ಅಂತ ಕೇಳಿದೆನಲ್ಲ! "ನೈಟಿ, ಆಯಿ" ಅಂದೆ ನೀನು. ಎಳೆದಾಡಿದವರು ಏನು ಹಾಕಿಕೊಂಡಿದ್ದರು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೂ ರಾತ್ರಿ ಬಸ್ಸಿನಲ್ಲಿ ಬರುವಾಗ ಜಾಗ್ರತೆ. ಕೊನೆಯ ಸೀಟು ಬೇಡ. ಡ್ರೈವರಿನ ಹಿಂದಿನ ಸೀಟೇ ತಗೋ, ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ. ಹಳ್ಳಿಗಳಿಗೆ ಮೀಟಿಂಗಿಗೆ ಹೋದಾಗ ಕತ್ತಲಾಗುವ ಮೊದಲು ಹೊರಡು. ಸ್ಟುಡಿಯೋದಲ್ಲಿ ಎಸಿ ಜೋರಂತೆ, ಬ್ಯಾಗಿನಲ್ಲಿ ಒಂದು ಶಾಲು ಇಟ್ಟುಕೋ, ಚಳಿಗಾದರೂ. ಊರಿಗೆ ಬಂದಾಗ ನಾಲ್ಕು ಜನ ನೋಡುವ ಕಡೆ... ನೋಡು, ಮತ್ತೆ ಶುರುವಾಯ್ತು. ಹೊಡೆದು ಹಾಕಬೇಕು ಅಂದುಕೊಂಡೆ. ಇರಲಿ, ಶಾಲಿಗೆ ನಾನು ಎಷ್ಟೆಲ್ಲ ನೆಪ ಹುಡುಕುತ್ತೇನೆ ಅಂತ ನಿನಗೂ ಗೊತ್ತಾಗಲಿ.

ತಪ್ಪಾಯಿತು. ದೊಡ್ಡಾಯಿಗೂ ಒಂದು ಮಾತು ಹೇಳಿದೆ, ಅವಳು ಈಗ ನನ್ನ ಜೊತೆಯೂ ಸರಿಯಾಗಿ ಮಾತಾಡುತ್ತಿಲ್ಲ. ಅಪ್ಪ ಟಿವಿ ಮುಂದೆ ಕೂರುವಾಗ ಬನಿಯನ್ ಹಾಕಲು ಶುರು ಮಾಡಿದ್ದಾರೆ. ಯಾಕೆ ಅಂತ ನಾನು ಕೇಳಲು ಹೋಗಿಲ್ಲ.

ನಿನ್ನೆ ಪಕ್ಕದ ಮನೆಯ ಹುಡುಗನ ಹತ್ತಿರ ಆ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಾಕಿಸಿಕೊಂಡೆ. ಮೊಬೈಲನ್ನು ಕವುಚಿ ಇಟ್ಟು ಬರೀ ಕೇಳಿದೆ. ರೋಗ ಬಂದ ಸೋಗೆ ತೆಗೆದು ಸುಡದೆ ಮೇಲಿಂದ ಔಷಧಿ ಹೊಡೆದರೆ ಪ್ರಯೋಜನ ಕಡಿಮೆ, ಗಾಳಿ ಮಳೆಯಲ್ಲಿ ಶಿಲೀಂಧ್ರ ಪಕ್ಕದ ತೋಟಕ್ಕೆ ಹಾರುತ್ತದೆ, ಹಾಗಾಗಿ ಒಬ್ಬರು ಮಾಡಿದರೆ ಸಾಲದು, ಊರೇ ಒಟ್ಟಿಗೆ ಮಾಡಬೇಕು ಅಂದೆ ನೀನು. ಗಡ್ಡದವರು ನಡುವೆ ಬಾಯಿ ಹಾಕಿದಾಗ "ನಾನು ಮುಗಿಸುತ್ತೇನೆ ಸರ್" ಅಂದೆಯಲ್ಲ, ಅದನ್ನು ಎರಡು ಸಲ ಕೇಳಿದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದವಳಲ್ಲ.

ಒಂದು ಅರ್ಥವಾಗಲಿಲ್ಲ. ನಮ್ಮ ಕೆಳಗಿನ ತೋಟದಲ್ಲಿ ಹಳ್ಳದ ಬದಿಯ ಮೂರು ಸಾಲಿಗೆ ಚುಕ್ಕಿ ಕಂಡಿದೆ, ಕೆಳಗಿನ ಸೋಗೆಗಳಲ್ಲಿ ಮಾತ್ರ. ಈ ಮಳೆಯಲ್ಲಿ ಅದನ್ನು ಸುಡುವುದು ಹೇಗೆ? ಅಪ್ಪ ಹುಗಿದರೆ ಸಾಕು ಅನ್ನುತ್ತಾರೆ. ಪಕ್ಕದ ತೋಟದವರು ಕೈ ಹಾಕುವ ಹಾಗೆ ಕಾಣುವುದಿಲ್ಲ. ಮರ ಹತ್ತುವ ಕೊನೆಗೌಡ ಬರುವಷ್ಟರೊಳಗೆ ಹೇಳು. ಫೋನ್ ಮಾಡಲು ಮನಸ್ಸಿಲ್ಲದಿದ್ದರೆ ಮೆಸೇಜಾದರೂ ಹಾಕು.

ನಿನ್ನ
ಆಯಿ