ರೇಸ್ ಕೊಟ್ಟರೆ ಸೊರಗುವ ಮಿನಿಬೈಕು

ಪ್ರೀತಿಯ ಪುಟ್ಟನಿಗೆ ಆಶೀರ್ವಾದಗಳು.

ನಿನ್ನ ಮಿನಿಬೈಕು ರೇಸ್ ಕೊಡದೆ ಬಿಟ್ಟಾಗ, ಅಂದರೆ ಐಡಲಿಂಗ್‌ನಲ್ಲಿ ಚೆನ್ನಾಗಿ ಓಡುತ್ತಿರುತ್ತದೆ, ಆಕ್ಸಿಲರೇಟರ್ ತಿರುವಿದ ಕೂಡಲೇ ಬುಸ್ ಅಂತ ಸೊರಗುತ್ತದೆ ಅಂತ ಬರೆದಿದ್ದೀಯ. ಹೊಸ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ತರಿಸಲಾ ಅಂತಲೂ ಕೇಳಿದ್ದೀಯ. ಈಗಲೇ ಬೇಡ. ಅದರ ಟ್ಯೂನಿಂಗ್ ಸ್ಕ್ರೂ ಕೂಡ ಸದ್ಯಕ್ಕೆ ಮುಟ್ಟಬೇಡ. ಎಲ್ಲವನ್ನೂ ಒಟ್ಟಿಗೆ ತಿರುವಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಚೋಕ್ ಪರೀಕ್ಷೆ ಮಾಡು. ಚೋಕ್ ಅಂದರೆ ಕಾರ್ಬೊರೇಟರಿಗೆ ಹೋಗುವ ಗಾಳಿಯನ್ನು ತಡೆಯುವ ಮುಚ್ಚಳ. ಎಂಜಿನ್ ಬಿಸಿಯಾಗಲಿ, ಆಮೇಲೆ ಚೋಕನ್ನು ಅರ್ಧ ಮುಚ್ಚಿ ರೇಸ್ ಕೊಡು. ಗಾಡಿ ಈಗ ಎಳೆಯಿತು ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ಜಾಸ್ತಿ ನುಗ್ಗುತ್ತಿದೆ. ಇನ್ನೂ ಹದಗೆಟ್ಟು ಕಪ್ಪು ಹೊಗೆ ಉಗುಳಿದರೆ ಪೆಟ್ರೋಲೇ ಜಾಸ್ತಿ. ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೂ ಇದೇ ಕಥೆ ಕಾಣುತ್ತದೆ: ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಜಾಸ್ತಿ, ತಿಳಿ ಕಂದು ಬಣ್ಣವಿದ್ದರೆ ಸರಿ. ಮಸಿ ಇದ್ದರೆ ಮೊದಲು ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ, ಚೋಕ್ ಪೂರ್ತಿ ತೆರೆಯುತ್ತಿದೆಯಾ ನೋಡು.

ತುಂಬಾ ದಿನ ಸುಮ್ನೆ ನಿಂತ ಗಾಡಿಯಾದರೆ ಪೆಟ್ರೋಲ್ ಸಾಲದಿರುವುದೇ ಜಾಸ್ತಿ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋಗಿದ್ದರೆ ಪೆಟ್ರೋಲ್ ಕೆಳಗೆ ಸರಿಯಾಗಿ ಇಳಿಯುವುದಿಲ್ಲ. ಆಮೇಲೆ ಎಂಜಿನ್ ತಣ್ಣಗಾದಾಗ ಬಯಲಿನಲ್ಲಿ ಕೂತು, ಕಾರ್ಬೊರೇಟರಿಗೆ ಬರುವ ಪೈಪ್ ಕಿತ್ತು ಬಾಟಲಿಗೆ ಬಿಡು. ಒಂದೇ ಸಮನೆ ಧಾರೆ ಬರಬೇಕು. ತೊಟ್ಟಿಕ್ಕಿದರೆ ಪೆಟ್ರೋಲ್ ಫಿಲ್ಟರ್ ಅಥವಾ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಕಟ್ಟಿಕೊಂಡಿದೆ.

ಧಾರೆ ಚೆನ್ನಾಗಿದ್ದರೆ ಕಾಕ್ ಮುಚ್ಚಿ ಕಾರ್ಬೊರೇಟರಿನ ಕೆಳಗಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚು. ತಳದಲ್ಲಿ ಅಂಟಂಟಾದ ಕಂದು ಪದರವೋ ಬಿಳಿ ಪುಡಿಯೋ ಇದ್ದರೆ ಕಳ್ಳ ಸಿಕ್ಕಿದ ಅಂತಲೇ ಇಟ್ಟುಕೋ. ನಡುವಿನ ಕಂಬದೊಳಗೆ ಹಿತ್ತಾಳೆಯ ಮೇನ್ ಜೆಟ್ (ರೇಸ್ ಕೊಟ್ಟಾಗ ಪೆಟ್ರೋಲ್ ಬಿಡುವ ತೂತಿನ ತುಂಡು) ಇರುತ್ತದೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿ. ತೂತು ದುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು. ಬಹಳ ಜನ ಇಷ್ಟು ತೊಳೆದು ಮುಚ್ಚಿಬಿಡುತ್ತಾರೆ. ಜೆಟ್ ಮೇಲೆ ಒಂದು ಉದ್ದನೆಯ ಹಿತ್ತಾಳೆ ಕೊಳವೆ ಕೂತಿರುತ್ತದೆ, ಮೈತುಂಬ ಸಣ್ಣ ತೂತು. ಪೆಟ್ರೋಲಿಗೆ ಗಾಳಿ ಬೆರೆಯುವುದು ಅಲ್ಲಿ. ಅದರ ಒಂದೊಂದು ತೂತನ್ನೂ ನೋಡು. ಐಡಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತು ಇವೆಲ್ಲಕ್ಕಿಂತ ಸಣ್ಣದು, ಅದೂ ಬಿಡಬೇಡ. ಉಕ್ಕಿನ ತಂತಿ ಮಾತ್ರ ಚುಚ್ಚಬೇಡ, ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು. ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

ನೀನು ಶಬ್ದ ಜೋರಾಗಲಿ ಅಂತ ಏರ್ ಫಿಲ್ಟರ್ ಕಿತ್ತು ಹಾಕಿಲ್ಲ ತಾನೇ? ಹುಡುಗರು ಅದನ್ನೇ ಮೊದಲು ಮಾಡುವುದು. ಗಾಳಿ ಜಾಸ್ತಿಯಾಗಿ ಜೆಟ್ ಸಾಲದೆ ಹೋಗುತ್ತದೆ. ಫಿಲ್ಟರ್ ಇದ್ದೂ ಹೀಗಾದರೆ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ (ಗಾಳಿ ಸೋರದಂತೆ ತಡೆಯುವ ತೆಳು ಹಾಳೆ) ನೋಡು. ಅದು ಹರಿದಿದ್ದರೂ, ಬೋಲ್ಟ್ ಸಡಿಲವಿದ್ದರೂ ಅಲ್ಲಿಂದ ಗಾಳಿ ಎಳೆಯುತ್ತದೆ.

ಚೋಕ್ ಹಾಕಿದರೂ ಏನೂ ಬದಲಾಗದಿದ್ದರೆ ಹಿಂದಿನ ಚಕ್ರವನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ರೇಸ್ ಕೊಡು. ಚೈನಿನ ಹತ್ತಿರ ಕೈ, ಬಟ್ಟೆ ಬೇಡ. ಎತ್ತಿದಾಗ ಸಲೀಸಾಗಿ ಏರಿ, ನೆಲಕ್ಕಿಟ್ಟಾಗ ಮಾತ್ರ ಸೊರಗಿದರೆ ಹೊರೆಯನ್ನೂ ಅನುಮಾನಿಸಬೇಕು. ಬ್ರೇಕ್ ಹಿಡಿದುಕೊಂಡಿರಬಹುದು, ಚೈನ್ ಬಿಗಿ ಇರಬಹುದು, ಕ್ಲಚ್ ಬೇಗ ಹಿಡಿಯುತ್ತಿರಬಹುದು. ಎಂಜಿನ್ ಆಫ್ ಮಾಡಿ ತಳ್ಳಿದರೆ ಬ್ರೇಕ್, ಚೈನಿನ ವಿಷಯ ಗೊತ್ತಾಗುತ್ತದೆ.

ವಾಲ್ವ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ಕೊನೆಗೆ ನೋಡು, ಎಂಜಿನ್ ಪೂರ್ತಿ ತಣ್ಣಗಿರುವಾಗ. ಹೋಂಡಾ ಜಿಎಕ್ಸ್200 ಎಂಜಿನ್ನಿಗೆ ಗಾಳಿ ಒಳಬರುವ ವಾಲ್ವ್‌ಗೆ 0.15 ಮಿಮೀ, ಹೊಗೆ ಹೋಗುವ ವಾಲ್ವ್‌ಗೆ 0.20 ಮಿಮೀ. ನಿನ್ನದು ಬೇರೆ ಎಂಜಿನ್ ಆದರೆ ಅದರ ಪುಸ್ತಕದಲ್ಲಿರುವ ಅಳತೆಯನ್ನೇ ಹಿಡಿ. ಈ ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ತಿಳಿಸು, ನನ್ನದನ್ನು ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ