ಹ್ಯಾಲೋವೀನ್ ವಾದ್ಯವೃಂದ ಕಛೇರಿಯಲ್ಲಿ ಬದಲಾವಣೆ: ಟಿಕೆಟ್ ಪಡೆದವರ ಗಮನಕ್ಕೆ

ಮಾನ್ಯ ಶ್ರೋತೃಗಳೇ,

ಅಕ್ಟೋಬರ್ 31ರ ಹ್ಯಾಲೋವೀನ್ ಕಛೇರಿಗೆ ಆಸನ ಕಾಯ್ದಿರಿಸಿರುವ ತಮಗೆಲ್ಲ ನಮ್ಮ ವಾದಕರ ಸಹಕಾರ ಸಂಘದ ವಂದನೆಗಳು. ಈ ವರ್ಷದಿಂದ ವೇದಿಕೆಯಲ್ಲಿ ಕೃತಕ ಹೊಗೆ, ಮಿಣುಕುವ ದೀಪಗಳು ಹಾಗೂ ಧ್ವನಿಮುದ್ರಿತ ಚೀರಾಟಗಳನ್ನು ಬಳಸದಿರಲು ಸಂಘವು ತೀರ್ಮಾನಿಸಿದೆ.

ಮಿಣುಕುವ ದೀಪಗಳಿಂದ ಮೂರ್ಛೆರೋಗವುಳ್ಳ ಕೆಲವರಿಗೆ ಸೆಳವು ಬರುವ ಅಪಾಯವಿದೆ. ಉಸಿರು ತುಂಬಿ ಊದಬೇಕಾದ ಓಬೋ, ಕೊಳಲು, ಟ್ರಂಪೆಟ್ ವಾದಕರಿಗೆ ಹೊಗೆಯಿಂದ ಗಂಟಲು ಕಟ್ಟುತ್ತದೆ. ಇವೆರಡೂ ಮುಖ್ಯ ಕಾರಣಗಳೇ ಆದರೂ, ನಮ್ಮನ್ನು ಹೆಚ್ಚು ಒತ್ತಾಯಿಸಿದ್ದು ಸಂಗೀತವೇ.

ಕಾರ್ಯಕ್ರಮದ ಮೊದಲ ಕೃತಿಯಾದ, ಸೇನ್-ಸಾನ್ಸ್ ಅವರು 1874ರಲ್ಲಿ ರಚಿಸಿದ ‘ಡಾನ್ಸ್ ಮಕಾಬ್ರ್’ (ನಡುರಾತ್ರಿಯಿಂದ ಕೋಳಿ ಕೂಗುವವರೆಗೆ ಅಸ್ಥಿಪಂಜರಗಳು ಕುಣಿಯುವ ‘ಸಾವಿನ ನೃತ್ಯ’) ತೀರ ಮೆಲ್ಲಗೆ ಆರಂಭವಾಗುತ್ತದೆ. ಹಾರ್ಪ್ ಒಂದೇ ಸ್ವರವನ್ನು 12 ಬಾರಿ ಮೀಟಿ ನಡುರಾತ್ರಿಯ ಗಂಟೆಯನ್ನು ಸೂಚಿಸುತ್ತದೆ. ಹೊಗೆಯಂತ್ರದ ಗುಂಯ್‌ಗುಡುವ ಸದ್ದಿನಲ್ಲಿ ಇದು ಹಿಂದಿನ ಸಾಲುಗಳಿಗೆ ತಲುಪುವುದೇ ಇಲ್ಲ. ಅನಂತರ ಏಕಾಂಗಿಯಾಗಿ ನುಡಿಸುವ ಪಿಟೀಲುವಾದಕರು, ಅತಿ ಮೇಲಿನ ತಂತಿಯನ್ನು ಮೊದಲೇ ಅರ್ಧ ಸ್ವರ ಇಳಿಸಿಕೊಂಡಿರುವುದರಿಂದ, ಪಕ್ಕದ ತಂತಿಯೊಡನೆ ಅದನ್ನು ಕೂಡಿಸಿ ಕಮಾನು ಎಳೆದೊಡನೆ ಮೈ ಜುಮ್ಮೆನ್ನಿಸುವ ಅಪಸ್ವರ ಹುಟ್ಟುತ್ತದೆ. ಎಲುಬುಗಳು ತಾಕಲಾಡುವುದನ್ನು ಮರದ ಪಟ್ಟಿಗಳನ್ನು ಬಡಿದು ನುಡಿಸುವ ಝೈಲೋಫೋನ್ ಕೇಳಿಸಿದರೆ, ಬೆಳಗಿನ ಕೋಳಿಯ ಕೂಗನ್ನು ಓಬೋ ಕೇಳಿಸುತ್ತದೆ. ಭಯವನ್ನು ಇಷ್ಟು ಜಾಣ್ಮೆಯಿಂದ ಸ್ವರಗಳಲ್ಲೇ ಹೆಣೆದಿರುವಾಗ ಅದರ ಮೇಲೊಂದು ಚೀರಾಟವನ್ನು ಹೇರುವುದು ಸರಿಯಲ್ಲವೆಂದು ನಾವು ಮನಸಾರೆ ನಂಬಿದ್ದೇವೆ.

ಬೆರ್ಲಿಯೋಜ್ ಅವರ 1830ರ ‘ಸಿಂಫನಿ ಫೆಂಟಾಸ್ಟಿಕ್’ನ, ಮಾಟಗಾತಿಯರ ಕೂಟವನ್ನು ಚಿತ್ರಿಸುವ ಕೊನೆಯ ಭಾಗವೂ ಕಾರ್ಯಕ್ರಮದಲ್ಲಿದೆ. ಅದರಲ್ಲಿ ತಂತಿವಾದಕರು ಕಮಾನಿನ ಕೂದಲಿನ ಬದಲು ಅದರ ಮರದ ಕಡ್ಡಿಯಿಂದ ತಂತಿಗಳನ್ನು ತಟ್ಟುವುದನ್ನು, ಹೊಗೆಯ ಮರೆಯಿಲ್ಲದೆ, ದಯವಿಟ್ಟು ಕಣ್ಣಾರೆ ನೋಡಿ.

ವೇದಿಕೆಯ ಮೇಲೆ ಮಂದವಾದ, ಸ್ಥಿರವಾದ ಬೆಳಕಿರುತ್ತದೆ. ಸಭಾಂಗಣದ ಮೆಟ್ಟಿಲುಗಳ ದೀಪಗಳನ್ನು ಆರಿಸುವುದಿಲ್ಲ. ವೇಷ ಧರಿಸಿ ಬರುವವರಿಗೆ ಎಂದಿನಂತೆ ಸ್ವಾಗತವಿದೆ. ಎತ್ತರದ ಟೋಪಿಗಳನ್ನು ಮಾತ್ರ ವಾದನದ ವೇಳೆ ತೆಗೆದಿಡಬೇಕೆಂದು ಕೋರುತ್ತೇವೆ. ಚೀರಾಟವಿಲ್ಲದಿದ್ದರೂ ಕೆಲವೆಡೆ ಭೇರಿ ಮತ್ತು ತಾಳಗಳ ಸದ್ದು ಥಟ್ಟನೆ ಏರುವುದರಿಂದ, ಚಿಕ್ಕ ಮಕ್ಕಳಿಗೆ ಈ ವಿಷಯವನ್ನು ಮೊದಲೇ ತಿಳಿಸಿರುವುದು ಒಳಿತು.

ಆಸನ, ಸಮಯ, ಟಿಕೆಟ್ ದರ ಯಾವುದೂ ಬದಲಾಗಿಲ್ಲ. ಬೆಳಕು-ಹೊಗೆಯ ಆಕರ್ಷಣೆಗಾಗಿಯೇ ಟಿಕೆಟ್ ಪಡೆದಿದ್ದವರು ಕಛೇರಿಯ ಹಿಂದಿನ ದಿನದವರೆಗೆ ಅದನ್ನು ಹಿಂದಿರುಗಿಸಿದಲ್ಲಿ ಪೂರ್ಣ ಹಣವನ್ನು ಮರಳಿಸಲಾಗುವುದು.

ತಮ್ಮ ವಿಶ್ವಾಸಿಗಳು,
ವಾದಕರ ಸಹಕಾರ ಸಂಘದ ಸದಸ್ಯರು